ಅರ್ಧ ಇಂಚಿನ ಅಣ್ಣ

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ತಿದ್ದುವ ಚಟ ಮಾತ್ರ ಹೆಡ್‌ಮಾಸ್ತರರದ್ದು. ಹಳಿಯಾಳದಲ್ಲಿ ಕಬ್ಬಿನ ಟ್ರೇಲರ್‌ಗಳಿಗೆ ವೆಲ್ಡಿಂಗ್ ಮಾಡುತ್ತೇನೆ. ಟ್ರೇಲರಿನ ಎರಡು ಪಕ್ಕ ಸಮ ಇರದಿದ್ದರೆ ಕಬ್ಬೆಲ್ಲ ರಸ್ತೆಗೆ. ಹೀಗಾಗಿ ಎರಡು ಪಟ್ಟಿ ಉದ್ದಗಿಡ್ಡ ಕಂಡರೆ ನನ್ನ ಕೈ ತಾನಾಗಿ ಗ್ರೈಂಡರಿಗೆ ಹೋಗುತ್ತದೆ. ಮದುವೆಗೆ ಹೋದರೂ ಊಟಕ್ಕಿಂತ ಮೊದಲು ಚಪ್ಪರದ ಕಂಬಗಳನ್ನು ಕಣ್ಣಲ್ಲೇ ಕೊಯ್ದಿರುತ್ತೇನೆ.

ತಂಗಿ ಲೂಸಿ ಗಣೇಶಗುಡಿಯ ಹೋಮ್‌ಸ್ಟೇ ಒಂದರಲ್ಲಿ ಪ್ರವಾಸಿಗರನ್ನು ಸೈಕಲ್ ಮೇಲೆ ಕಾಡುದಾರಿಗೆ ಕರೆದೊಯ್ಯುತ್ತಾಳೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಸೈಕಲ್ಲಿನ ಮುಂದಿನ ಸಸ್ಪೆನ್ಶನ್ ಮೂಗು ಬಗ್ಗಿಸುತ್ತದೆ. ಆಗ ಓರೆ ಕೆಟ್ಟ ಹ್ಯಾಂಡಲ್ಲು ಹಗ್ಗ ಹರಿದ ಕರುವಿನಂತೆ ಅತ್ತಿತ್ತ ಎಳೆಯುತ್ತದೆ. ಗುಂಡಿಗೆ ಚಕ್ರ ಎಷ್ಟಾದರೂ ಮೇಲೇರಲಿ, ಹ್ಯಾಂಡಲ್ಲಿನ ಓರೆ ಕದಲಬಾರದು ಎಂಬುದು ಅವಳ ಹಟ. ಚಹಾಪುಡಿ ಡಬ್ಬದ ರಟ್ಟು ಕತ್ತರಿಸಿ, ಸೂಜಿ ಚುಚ್ಚಿ, ಪೆನ್ಸಿಲ್ ಕಟ್ಟಿ, ಆ ರಟ್ಟಿನ ಸೈಕಲ್ಲನ್ನು ಆಡಿಸುತ್ತ ತಿಂಗಳುಗಟ್ಟಲೆ ಗೋಡೆಯ ಮೇಲೆ ಗೆರೆ ಎಳೆದಳು. ಕೊನೆಗೆ ಚಕ್ರವನ್ನು ಹಿಡಿಯಲು ಎರಡು ಕಬ್ಬಿಣದ ತೋಳು ಹುಟ್ಟಿದವು. ಮೇಲಿನದಕ್ಕಿಂತ ಕೆಳಗಿನದು ಅರ್ಧ ಇಂಚು ಉದ್ದ.

"ಬಣ್ಣ ಹಚ್ಚಿ ಕೊಡಣ್ಣಾ" ಎಂದು ನನ್ನ ಕೈಗಿಟ್ಟಳು. ಪಾಪ, ಅಳತೆ ತಪ್ಪಿದ್ದಾಳೆ ಎಂದುಕೊಂಡು ಸಮ ಮಾಡಿ, ಬಣ್ಣ ಬಳಿದು ಕೊಟ್ಟೆ.

ಸರಿಬಂದರೆ ಎಲ್ಲ ಸೈಕಲ್ಲಿಗೂ ಇದನ್ನೇ ಹಾಕಿಸುತ್ತೇನೆ ಎಂದಿದ್ದ ಹೋಮ್‌ಸ್ಟೇ ಮಾಲಕರು ನೋಡಲು ನಿಂತಿದ್ದರು. ಲೂಸಿ ತೋಳು ಕೂಡಿಸಿದ ಸೈಕಲ್ ಹತ್ತಿ ಇಳಿಜಾರಿಗೆ ಬಿಟ್ಟಳು. ಮೊದಲ ತಿರುವಿನಲ್ಲೇ ಹ್ಯಾಂಡಲ್ಲು ಮಡಚಿಕೊಂಡಿತು, ಅವಳ ಭುಜದ ಎಲುಬು ಮುರಿಯಿತು.

"ಇಂಜಿನಿಯರ್ ಅಕ್ಕಾರ, ಗ್ವಾಡಿ ಮ್ಯಾಲಿನ ಸೈಕಲ್ಲು ಗ್ವಾಡಿ ಮ್ಯಾಲೇ ಓಡಸ್ರಿ!" ಎಂದು ಮಾಲಕರು ನಕ್ಕರು.

"ನಾ ಮೊದಲ ಹೇಳಿದ್ದೆ ನೋಡ್ರಿ" ಎಂದು ನಾನೂ ನಕ್ಕೆ. ನಾನು ಏನೂ ಹೇಳಿರಲಿಲ್ಲ. ತಂಗಿ ಗುಂಡಿಗೂ ದಿಕ್ಕು ಬಿಡದ ಯಂತ್ರ ಮಾಡಹೊರಟಿದ್ದಳು. ಅಣ್ಣ ಒಂದು ನಗೆಗೇ ದಿಕ್ಕು ಬಿಟ್ಟಿದ್ದ.

ಮೂರು ವಾರದ ಮೇಲೆ ಒಂದೇ ಕೈಯಲ್ಲಿ ಅವಳು ಗೋಡೆಯ ರಟ್ಟು ಕೀಳುತ್ತಿದ್ದಳು. "ಎಲ್ಲಿ ತಪ್ಪೀನೋ ತಿಳೀವಲ್ದು. ಸುಟ್ಟು ಬಿಡೂಣು. ಕಡ್ಡಿಪೆಟ್ಟಗಿ ಕೊಡಣ್ಣಾ."

ಪೆಟ್ಟಿಗೆ ನನ್ನ ಜೇಬಿನಲ್ಲೇ ಇತ್ತು. ಕೈ ಏಳಲಿಲ್ಲ. "ಲೂಸಿ, ತೋಳು ನಾ ಸಮ ಮಾಡಿದ್ನಿ."

ಅವಳು ನನ್ನನ್ನೇ ನೋಡಿದಳು. "ಹಂಗಾದ್ರ ನನ್ನ ಲೆಕ್ಕ ಸರಿ ಐತಿ?" ಮುಖವೆಲ್ಲ ಬೆಳಕು. ಆಮೇಲೆ ಹೊಡೆದಳು. ಮುರಿಯದ ಕೈ ಬಹಳ ಗಟ್ಟಿ.

ಹೊಸ ತೋಳುಗಳನ್ನು ನನ್ನಿಂದಲೇ ಮೂರು ಸಲ ಅಳೆಸಿ ಕೂಡಿಸಿದಳು. "ಈ ಸಲ ಸೈಕಲ್ ಮ್ಯಾಲ ನೀ ಇಳಿ. ಕೆಳಗ ಮಾಲಕರು ನಿಂತಾರ. ಇಳಿದು ನಿಜ ಹೇಳು."

ಇಳಿದೆ. ಬ್ರೇಕ್ ಹಿಡಿದೆ. ನಡುಗಿದ್ದು ನಾನೊಬ್ಬನೇ. ಮಾಲಕರನ್ನು ದಾಟಿ ದಾಂಡೇಲಿಯ ಕಡೆ ಹೋಗಿಬಿಡುವ ಆಸೆ ಬಲವಾಗಿತ್ತು. ಹ್ಯಾಂಡಲ್ಲು ಅಲುಗಾಡಿದ್ದರೆ ಅದರ ನೆಪವನ್ನೇ ಹೇಳಬಹುದಿತ್ತು. ಆದರೆ ತಂಗಿ ಮಾಡಿದ ಸೈಕಲ್ಲು ತಿರುಗಿಸಿದ ಕಡೆಗೇ ಹೋಗುತ್ತದೆ. ಮಾಲಕರ ಕಡೆ ತಿರುಗಿಸಿದೆ.