ಬೀಗ ಹಾಕಿದ ಟ್ಯಾಂಕು

ತಿಲಕ್ ನಗರದ ಹೊಂಗೆಮರದ ಕೆಳಗೆ ಕೆಲಸ ಮಾಡುತ್ತಿದ್ದ ಆ ಮೆಕ್ಯಾನಿಕ್, ಯಾವ ವಾಹನ ಬಂದರೂ ಮೊದಲು ಯಜಮಾನನ ಮುಖವನ್ನೇ ಪರೀಕ್ಷಿಸುತ್ತಿದ್ದ. ಆಮೇಲೆ ಹಳೇ ಬನಿಯನ್ನಿಗೆ ಕೈ ಒರೆಸಿಕೊಳ್ಳುತ್ತ ತೀರ್ಪು ಕೊಡುತ್ತಿದ್ದ: "ಗಾಡೀದೇನೂ ತಪ್ಪಿಲ್ಲ ಸಾರ್."

ಎಂಬತ್ತರ ದಶಕದಲ್ಲಿ ನನ್ನ ಬೇಕರಿಯ ಬ್ರೆಡ್ಡು ಹೊರುತ್ತಿದ್ದ ಮುದಿ ಪಿಕಪ್ಪು ಎರಡು ಮೈಲಿಗೊಮ್ಮೆ ನಿಲ್ಲತೊಡಗಿತು. ಹತ್ತು ನಿಮಿಷ ಬಿಟ್ಟರೆ ಮತ್ತೆ ಹೊರಡುತ್ತಿತ್ತು. ಅವನು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪನ್ನು ಬಿಚ್ಚಿ, ಬಾಯಲ್ಲಿ ಊದಿ, "ಪಂಪು ಚೆನ್ನಾಗಿದೆ" ಎಂದ. ನಾನು ಬಿ.ಎಸ್ಸಿ. ಓದಿದವನು, ಊದಿದ್ದನ್ನೆಲ್ಲ ನಂಬಲಾದೀತೇ? ಹಟ ಹಿಡಿದು ಹೊಸ ಪಂಪು ಹಾಕಿಸಿದೆ. ಮರುದಿನವೇ ಗಾಡಿ ಮಡಿವಾಳದ ಮಾರ್ಕೆಟ್ ಮುಂದೆ ನಿಂತಿತು. ಬಸ್ಸಿನವರೆಲ್ಲ ಹಾರ್ನ್ ಹೊಡೆದು ನನ್ನ ಡಿಗ್ರಿಗೆ ಗೌರವ ಸಲ್ಲಿಸಿದರು.

ಹೇಳಿ ಕಳಿಸಿದ್ದಕ್ಕೆ ಸೈಕಲ್ಲಿನಲ್ಲಿ ಬಂದವನು ಈ ಸಲ ಬಾನೆಟ್ಟಿನ ಕಡೆ ತಿರುಗಿಯೂ ನೋಡಲಿಲ್ಲ. ನೇರ ಟ್ಯಾಂಕಿನ ಬಳಿ ಹೋಗಿ ಕೈ ಚಾಚಿದ. "ಬೀಗದ ಕೈ ಕೊಡಿ ಸಾರ್." ಟ್ಯಾಂಕಿಗೆ ಬೀಗದ ಮುಚ್ಚಳ ಹಾಕಿಸಿ ತಿಂಗಳಾಗಿತ್ತು. ತೆಗೆದೊಡನೆ ಟ್ಯಾಂಕು ಸುಸ್ಸೆಂದು ಗಾಳಿ ಎಳೆದುಕೊಂಡಿತು.

"ಹಳೇ ಮುಚ್ಚಳದಲ್ಲಿ ತೂತಿತ್ತು, ಇದ್ರಲ್ಲಿಲ್ಲ. ಒಳಗೆ ಗಾಳಿ ಹೋಗ್ದಿದ್ರೆ ಪಂಪು ಪೆಟ್ರೋಲ್ ಹೆಂಗ್ ಎಳೆಯುತ್ತೆ?" ಎಂದು ಮೊಳೆ ಹೊಡೆದು ತೂತು ಮಾಡಿದ. ಆಮೇಲೆ ಕೇಳಿದ: "ಬೀಗ ಯಾಕ್ ಹಾಕ್ಸಿದ್ರಿ?"

"ಪೆಟ್ರೋಲ್ ಕಳ್ಳರು ಜಾಸ್ತಿ ಆಗಿದಾರೆ ಕಣಪ್ಪ."

ರಾತ್ರಿ ಗಾಡಿ ನಮ್ಮ ಕಾಂಪೌಂಡಿನೊಳಗೆ, ಹಗಲು ನನ್ನ ಕಣ್ಣೆದುರಿಗೆ. ನಾನು ಅದನ್ನು ಬಿಟ್ಟುಹೋಗುತ್ತಿದ್ದುದು ಅವನ ಮರದ ಕೆಳಗೆ ಮಾತ್ರ. ಅದು ಅವನಿಗೂ ಗೊತ್ತಿತ್ತು.

ಬೀಗದ ಕೈಯನ್ನು ಬನಿಯನ್ನಿಗೆ ಒರೆಸಿ ನನ್ನ ಅಂಗೈಯಲ್ಲಿಟ್ಟ. ಮುಖವನ್ನೇ ನೋಡುತ್ತ ಹೇಳಿದ: "ಗಾಡೀದೇನೂ ತಪ್ಪಿಲ್ಲ ಸಾರ್."