ಜಂಪಣ್ಣನ ಹನ್ನೊಂದು ಹೆಜ್ಜೆ

ಉಚ್ಚಂಗೆಮ್ಮನಿಗೆ ಸಿನಿಮಾ ಎಂದರೆ ಅಷ್ಟಕ್ಕಷ್ಟೆ. ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ದಿನವಿಡೀ ಶೇಂಗಾ ಆರಿಸಿ ಬೆನ್ನು ಮುರಿದುಕೊಂಡವಳಿಗೆ, ಟಾಕೀಸಿನಲ್ಲಿ ಮೂರು ತಾಸು ಕೂತು ತಿಗಣೆಗೆ ರಕ್ತ ಕೊಡುವ ಚಪಲವಿರಲಿಲ್ಲ. ಅಂಥವಳು 1999ರ ಬೇಸಿಗೆಯಲ್ಲಿ ಅರ್ಧ ದಿನದ ಕೂಲಿ ಬಿಟ್ಟು, ಒಂದೇ ಸಿನಿಮಾವನ್ನು ಒಂದೇ ವಾರದಲ್ಲಿ ನಾಲ್ಕು ಸಲ ನೋಡಿದಳು. ಮಿಲ್ಲಿನ ಹೆಂಗಸರು ಬಾಯಿಗೆ ಬಂದಂತೆ ಆಡಿಕೊಂಡರು. ಆಡಿಕೊಳ್ಳುವುದಕ್ಕೇನು, ಬಾಯಿ ಅವರದೇ.

ಆ ಸಿನಿಮಾದಲ್ಲಿ ಅವಳ ಗಂಡ ಜಂಪಣ್ಣ ಇದ್ದ. ಬಿ.ಜಿ. ಕೆರೆಯ ಆಳು, ಸಿದ್ದಾಪುರದ ಬಂಡೆಗಳ ಕಡೆ ಕುರಿ ಮೇಯಿಸುತ್ತಿದ್ದವನು. ಮೂರು ವರ್ಷದ ಹಿಂದೆ ಅಲ್ಲಿಗೆ ಶೂಟಿಂಗಿನವರು ಬಂದಾಗ, ಎತ್ತರದ ಆಳು ಅಂತ ಅವನನ್ನೂ ಹಿಡಿದು ಹಾಕಿಕೊಂಡಿದ್ದರು. ಸಂಜೆ ಮುಖದ ಬಣ್ಣ ತೊಳೆಯದೆಯೇ ಮನೆಗೆ ಬಂದು, "ಲೇ, ನನ್ನನ್ನ ಗ್ವಾಡೆಯಷ್ಟು ದೊಡ್ಡದಾಗಿ ತೋರಿಸ್ತಾರಂತೆ ಕಣೇ!" ಎಂದಿದ್ದ. ಏನು ಪಾರ್ಟು ಎಂದು ಕೇಳಿದರೆ, "ನೀನೇ ನೋಡುವಂತೆ" ಎಂದು ನಕ್ಕಿದ್ದ.

ನೋಡಲು ಅವನೇ ಉಳಿಯಲಿಲ್ಲ. ಸಿನಿಮಾ ಬರುವ ಮೊದಲೇ ಕಾಮಾಲೆ ಅವನನ್ನು ಎಂಟು ದಿನದಲ್ಲಿ ಕೊಂಡೊಯ್ದಿತು. ಮದುವೆಯಾದ ಮೇಲೆ ಫೋಟೋ ಇವತ್ತು ತೆಗೆಸೋಣ, ನಾಳೆ ತೆಗೆಸೋಣ ಎಂದು ಗಂಡ ಹೆಂಡತಿ ಆರು ವರ್ಷ ಕಳೆದಿದ್ದರು. ಮನೆಯಲ್ಲಿ ಅವನದೊಂದು ಫೋಟೋ ಇರಲಿಲ್ಲ. ಮಗಳು ಸರಿತಾಳನ್ನು ಅತ್ತೆ ಕೊಟ್ರಮ್ಮನ ಹತ್ತಿರ ಬಿಟ್ಟು ಉಚ್ಚಂಗೆಮ್ಮ ಚಳ್ಳಕೆರೆ ಸೇರಿದಳು. ಅಪ್ಪ ಸತ್ತಾಗ ಕೂಸಾಗಿದ್ದ ಹುಡುಗಿಗೆ ಈಗ ನಾಲ್ಕು ವರ್ಷ. ಊರಿಗೆ ಹೋದಾಗಲೆಲ್ಲ, "ಅಪ್ಪ ಹೆಂಗಿದ್ದ ಅವ್ವ?" ಎಂದು ಕೇಳುತ್ತಿತ್ತು.

ಸಿನಿಮಾ ಎಲ್ಲ ಕಡೆ ಸೋತು, ಮೈಯೆಲ್ಲ ಗೆರೆ ಬಿದ್ದ ರೀಲುಗಳ ಒಂದೇ ಒಂದು ಪೆಟ್ಟಿಗೆ ಕೊನೆಗೆ ಚಳ್ಳಕೆರೆಗೆ ಬಂತು. ಮಿಲ್ಲಿನ ಗೆಳತಿ ಮಂಜುಳಮ್ಮನ ಜೊತೆ ಅವಳು ಮೊದಲ ದಿನವೇ ಮ್ಯಾಟಿನಿಗೆ ಹೋದಳು. ಇಂಟರ್ವಲ್ ಆದಮೇಲೆ ಬಂಡೆಗಳು ಬಂದವು. ಬಂಡೆಯ ಹಿಂದಿನಿಂದ ಜಂಪಣ್ಣ ಬಂದ. ಕೈಯಲ್ಲಿ ದೊಣ್ಣೆ, ಮುಖದ ತುಂಬ ಅದೇ ನಗು. ಸಿಟ್ಟಿನಲ್ಲಿ ಬರಬೇಕು ಅಂತ ಪುಣ್ಯಾತ್ಮನಿಗೆ ಯಾರೂ ಹೇಳಿರಲಿಲ್ಲವೋ ಏನೋ. ನೇರ ಇವಳ ಕಡೆಗೇ ನಡೆದು ಬಂದ. ಅಷ್ಟರಲ್ಲಿ ಹೀರೋ ಎಗರಿ ಎದೆಗೆ ಒದ್ದ. ಜಂಪಣ್ಣ ಉರುಳಿ ಬಿದ್ದ, ಬಾಯಲ್ಲಿ ರಕ್ತ, ತೆರೆದ ಕಣ್ಣು ತೆರೆದಂತೆಯೇ ಇತ್ತು. ಮುಂದಿನ ಗಾಂಧಿ ಕ್ಲಾಸಿನವರು ಸಿಳ್ಳೆ ಹೊಡೆದರು.

"ಬಿಡ್ರೋ! ಅವ್ನಿಗೆ ಮೈಯಾಗೆ ಹುಷಾರಿಲ್ಲ!" ಉಚ್ಚಂಗೆಮ್ಮ ಎದ್ದು ನಿಂತು ಕೂಗಿದಳು.

"ಕುಂತ್ಕಳಮ್ಮೋ, ಪರದೆ ಕಾಣಲ್ಲ!" ಎಂದು ಯಾರೋ ಗದರಿದರು, ಉಳಿದವರು ನಕ್ಕರು. ಮನೆಯಲ್ಲಿ ಅವನು ಸತ್ತಾಗ ನೆರೆಯವರೆಲ್ಲ ಅತ್ತಿದ್ದರು. ಇಲ್ಲಿ ಸತ್ತರೆ ಸಿಳ್ಳೆ. ಮಂಜುಳಮ್ಮ ಅವಳನ್ನು ಹೊರಗೆ ಎಳೆದು ತಂದಳು. ಮೆಟ್ಟಿಲ ಮೇಲೆ ನಿಂತಿದ್ದ ಆಪರೇಟರ್ ಜಂಬುಲಿಂಗಪ್ಪ ವಿಷಯ ಕೇಳಿ, ಸೇದುತ್ತಿದ್ದ ಬೀಡಿ ಎಸೆದು ಪ್ರೊಜೆಕ್ಟರ್ ಕೋಣೆಗೆ ಹತ್ತಿ ಹೋದ.

ಮರುದಿನ ಅವಳು ಮತ್ತೆ ಬಂದಳು. ಅದರ ಮರುದಿನವೂ ಬಂದಳು. ಅಳು ನಿಲ್ಲುತ್ತಿರಲಿಲ್ಲ, ಆದರೆ ಈಗ ಅಳುತ್ತಲೇ ಎಣಿಸುತ್ತಿದ್ದಳು. ಗಂಡ ನಡೆಯುವುದು ಹನ್ನೊಂದು ಹೆಜ್ಜೆ. ಹನ್ನೆರಡಕ್ಕೆ ಒದೆ. ಮಗಳನ್ನು ಕರೆತಂದು ತೋರಿಸುವಾಗ, ಹನ್ನೊಂದಕ್ಕೆ ಸರಿಯಾಗಿ ಅವಳ ಕಣ್ಣು ಮುಚ್ಚಿಬಿಟ್ಟರೆ, ಅವಳ ಪಾಲಿಗೆ ಅಪ್ಪ ನಗುತ್ತ ಬರುವುದಷ್ಟೇ ಉಳಿಯುತ್ತದೆ. ತನ್ನ ಕಣ್ಣಿಗೇ ಅಂಗೈ ಅಡ್ಡ ಹಿಡಿದು ಅಭ್ಯಾಸ ಮಾಡಿಕೊಂಡಳು.

ಭಾನುವಾರ ಬಿ.ಜಿ. ಕೆರೆಗೆ ಹೋಗಿ, ತಲೆಗೆ ಎಣ್ಣೆ ಹಚ್ಚಿ, ಹಬ್ಬದ ಫ್ರಾಕು ಹಾಕಿ ಸರಿತಾಳನ್ನು ಮ್ಯಾಟಿನಿಗೆ ಕರೆತಂದಳು. ಬಂಡೆಗಳು ಬರುತ್ತಲೇ ಅಂಗೈಯನ್ನು ಮಗಳ ಹಣೆಯ ಹತ್ತಿರ ಸಿದ್ಧ ಇಟ್ಟುಕೊಂಡಳು. ಬಂಡೆಯ ಮೇಲೆ ಹಸಿರು ರುಮಾಲಿನವನೊಬ್ಬ ನಿಂತಿದ್ದ.

"ಅವ್ನೇನಾ ಅವ್ವ?"

"ಅಲ್ಲ, ತಡಿ. ಅವ್ನ ಹಿಂದೆ ಬರ್ತಾನೆ ನೋಡು."

ಪರದೆ ಟಪ್ ಎಂದು ಜಿಗಿಯಿತು. ಬಂಡೆ ಹೋಗಿ ಹೀರೋಯಿನ್ ಮನೆ ಬಂತು, ಹಾಡು ಶುರುವಾಯಿತು. ಮುಂದೆ ಬಂದಾನು ಎಂದು ಉಚ್ಚಂಗೆಮ್ಮ ಕೊನೆಯವರೆಗೂ ಅಂಗೈ ಇಳಿಸದೆ ಕೂತಳು. ಶುಭಂ ಎಂದು ಬಂತು, ದೀಪ ಹತ್ತಿದವು.

ಮೆಟ್ಟಿಲ ಬುಡದಲ್ಲಿ ಜಂಬುಲಿಂಗಪ್ಪ ಕಾದಿದ್ದ. "ತಂಗೀ, ಇವತ್ತು ನೀನು ಅಳಲಿಲ್ಲ ನೋಡು. ಆ ತುಂಡನ್ನ ನಾನೇ ಕತ್ತರಿಸಿಬಿಟ್ಟೆ. ದಿನಾ ಬಂದು ಗಂಡ ಸಾಯೋದು ನೋಡ್ತಿದ್ದೆಲ್ಲ, ನನ್ ಕೈಲಿ ತಡ್ಕಳಾಕೆ ಆಗ್ಲಿಲ್ಲ."

"ಆ ತುಂಡು ಎಲ್ಲೈತಣ್ಣ?"

"ಮಾಲೀಕರ ಕಣ್ಣಿಗೆ ಬಿದ್ರೆ ನನ್ ಕೆಲ್ಸ ಹೋಗ್ತೈತೆ. ಅದಕ್ಕೆ ಒಲೆಗೆ ಹಾಕ್ದೆ."

ಅವನ ಕೊರಳಪಟ್ಟಿ ಹಿಡಿದು ಜಗ್ಗಬೇಕು ಅನ್ನಿಸಿತು ಅವಳಿಗೆ. ಮುಖ ಎತ್ತಿ ನೋಡಿದರೆ ಅವನ ಕಣ್ಣೇ ಒದ್ದೆಯಾಗಿತ್ತು. "ಒಳ್ಳೇದು ಮಾಡ್ದೆ ಕಣಣ್ಣ" ಎಂದು ಮಗಳ ಕೈ ಹಿಡಿದು ಹೊರಟಳು.

ಬಸ್ಸಿನಲ್ಲಿ ಸರಿತಾ ಸುಮ್ಮನಿರಲಿಲ್ಲ. "ಆ ಹಸಿರು ರುಮಾಲಿನವ್ನೇ ನಮ್ಮಪ್ಪ ಅಲ್ವಾ? ನೀನು ಆಟ ಆಡಿಸಿದ್ದು."

ಅಲ್ಲ ಎನ್ನಲು ಉಚ್ಚಂಗೆಮ್ಮ ಬಾಯಿ ತೆರೆದಳು. ಅಲ್ಲ ಎಂದರೆ ಯಾರನ್ನು ತೋರಿಸುವುದು? "ಹೂಂ, ಅವ್ನೇ" ಎಂದಳು.

ಬಿ.ಜಿ. ಕೆರೆಯಲ್ಲಿ ಇಳಿದದ್ದೇ ತಡ, ಹುಡುಗಿ ಅಜ್ಜಿಯ ಹತ್ತಿರ ಓಡಿತು. "ಅಜ್ಜೀ, ಅಪ್ಪನ್ನ ನೋಡ್ದೆ! ಹಸಿರು ರುಮಾಲು ಸುತ್ಕಂಡಿದ್ದ, ಇಷ್ಟು ದಪ್ಪ ಮೀಸೆ!"

ಜಂಪಣ್ಣ ಒಂದು ದಿನವೂ ಮೀಸೆ ಬಿಟ್ಟವನಲ್ಲ. ಹೆತ್ತ ಕೊಟ್ರಮ್ಮ ಸೊಸೆಯ ಮುಖವನ್ನು ದಿಟ್ಟಿಸಿ ನೋಡಿದಳು. ಆಮೇಲೆ ಮೊಮ್ಮಗಳನ್ನು ತೊಡೆಗೆ ಎಳೆದುಕೊಂಡು, "ಹೌದವ್ವ, ಹಂಗೇ ಇದ್ದ ನನ್ನ ಮಗ" ಎಂದಳು.