ಗಾಡಿಗೆ ಕಾಣದ ಕಪ್ಪು ಗೆರೆ

ಅಥವಾ ಆ ಗೆರೆಯನ್ನು ನೀಲಿ ಶಾಯಿಯಲ್ಲಿ ಎಳೆದಿದ್ದೆನೇ? ಇಲ್ಲ, ಕಪ್ಪು ಶಾಯಿಯೇ. ಅಷ್ಟನ್ನು ನೆನಪು ತಿದ್ದಿರಲಾರದು. ಎಂಬತ್ತರ ದಶಕದ ಕೊನೆಗೆ, ಗದಗದ ವಿಜ್ಞಾನ ಪ್ರದರ್ಶನದಲ್ಲಿ, ಶಿರಹಟ್ಟಿಯ ನನ್ನ ವಿದ್ಯಾರ್ಥಿಗಳ ಪುಟ್ಟ ಗಾಡಿ ಕಪ್ಪು ಗೆರೆ ಹಿಡಿದು ತಾನೇ ಓಡಬೇಕಿತ್ತು. ಅದರ ಅಡಿಯಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಡುವ ದೀಪ, ಮರಳುವ ಬೆಳಕನ್ನು ಗುರುತಿಸುವ ಸೆನ್ಸರ್ ಇದ್ದವು. ಬೆಳಕು ಮರಳದ ಕಡೆ ಗೆರೆ ಇದೆಯೆಂದು ಗಾಡಿ ತಿಳಿಯುತ್ತಿತ್ತು. ಶಾಲೆಯ ನೆಲದ ಮೇಲೆ ಇದ್ದಿಲಿನಿಂದ ಎಳೆದ ಗೆರೆಯಲ್ಲಿ ಅದು ಚೆನ್ನಾಗಿ ಓಡಿತ್ತು. ಪ್ರದರ್ಶನಕ್ಕೆ ಅಂದವಾಗಿರಲೆಂದು ನಾನು ಬಿಳಿ ಹಾಳೆಯ ಮೇಲೆ ಶಾಯಿಯ ಗೆರೆ ಎಳೆದೆ. ಗಾಡಿ ಅದನ್ನು ದಾಟಿ ಮೇಜಿನಿಂದ ಬಿತ್ತು. ಪರೀಕ್ಷಕರು ಪಕ್ಕದ ಕೋಣೆಯಲ್ಲಿದ್ದರು. ಅವರು ಬಂದಾಗ ಗಾಡಿ ಓಡದಿದ್ದರೆ ಮಕ್ಕಳಿಗೆ ಮುಂದಿನ ಹಂತದ ಧಾರವಾಡದ ಪ್ರದರ್ಶನ ತಪ್ಪುತ್ತಿತ್ತು.

ಬಾಗಿಲಲ್ಲಿ ಏಣಿ ಹತ್ತಿ ಬೋರ್ಡು ಬರೆಯುತ್ತಿದ್ದ, ಎಲ್ಲರೂ ಚಾಚಾ ಎನ್ನುತ್ತಿದ್ದ ಬೆಟಗೇರಿಯ ಪೇಂಟರ್ ಬಗ್ಗಿ ನೋಡಿದರು. "ಮಾಸ್ತರ, ನಿಮ್ಮ ಗಾಡಿಗೆ ಕಣ್ಣು ಕಾಣಂಗಿಲ್ಲೇನ್ರಿ?"

"ಶಾಲ್ಯಾಗ ಇದ್ದಿಲ ಗೆರಿ ಮ್ಯಾಲ ಓಡಿತ್ತು ಚಾಚಾ."

"ಹಂಗಾರ ಶಾಯಿ ಯಾಕ ಹಚ್ಚಿದ್ರಿ? ನನ್ನ ಬಣ್ಣ ಚಿಮಣಿ ಮಸೀದು. ತಡೀರಿ."

ಚಾಚಾ ಏಣಿ ಇಳಿದು ಬಂದು, ದೀಪದ ಮಸಿಯನ್ನು ಅಂಟಿನಲ್ಲಿ ಕಲಸಿದ ಆ ಬಣ್ಣವನ್ನು ನನ್ನ ಗೆರೆಯ ಮೇಲೆಯೇ ಎಳೆದು, ಬಾಯಿಂದ ಊದಿ ಆರಿಸಿದರು. ಗಾಡಿ ಮೊದಲ ತಿರುವಿನಲ್ಲಿ ತಡವರಿಸಿ, ತಿರುಗಿತು. ಮಕ್ಕಳು ಕೂಗಿದರು. ನಾನು ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ಚಾಚಾ ಮತ್ತೆ ಏಣಿ ಹತ್ತಿದ್ದರು.

ಕೆಲವು ಕಪ್ಪು ಶಾಯಿಗಳು ಇನ್‌ಫ್ರಾರೆಡ್ ಬೆಳಕನ್ನು ತಡೆಯುವುದಿಲ್ಲ, ಅಡಿಯ ಬಿಳಿ ಹಾಳೆ ಅದನ್ನು ಮರಳಿಸಿಬಿಡುತ್ತದೆ; ದೀಪದ ಮಸಿಯಾದರೆ ಅದನ್ನು ನುಂಗುತ್ತದೆ ಎಂದು ಎಷ್ಟೋ ವರ್ಷಗಳ ಮೇಲೆ ಓದಿದೆ. ಚಾಚಾ ಅದನ್ನು ಊಹಿಸಿದ್ದರೋ, ಸುಮ್ಮನೆ ನೆರವಾದರೋ, ನನಗೆ ಗೊತ್ತಿಲ್ಲ. ಅವರ ಹೆಸರೂ ಗೊತ್ತಿಲ್ಲ.